ಕಲ್ಲು ಹೋದರೂ ಉಳಿಯುವ ಅಕ್ಷರ

ನಿಮ್ಮೂರ ಕೆರೆ ಏರಿ ಮೇಲೋ, ಗುಡಿ ಹಿಂದೆಯೋ ಅಕ್ಷರ ಕೆತ್ತಿದ ಕಲ್ಲು ನೋಡಿದ್ದೀರಾ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಇಂಥ ಶಾಸನಗಳಿವೆ. ಆದರೆ ಕಲ್ಲು ಒಂದೇ. ಒಡೆದರೆ ಅದರ ಮಾತೂ ಹೋಯಿತು.

ಒಂದನ್ನು ನೂರು ಮಾಡಿದ್ದು ಅಚ್ಚು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತಂದರು. ಜಿಡ್ಡಿನ ಮಸಿಯಲ್ಲಿ ಬರೆದ ಅಕ್ಷರವನ್ನು ನಯವಾದ ಕಲ್ಲಿನಿಂದ ಕಾಗದಕ್ಕೆ ಇಳಿಸುವ ಕ್ರಮವದು. ಸೀಸದ ಮೊಳೆಯ ಕೆಲಸ ಬೇರೆ. ಕಾಗುಣಿತ, ಒತ್ತಕ್ಷರ ಇರುವ ಕನ್ನಡಕ್ಕೆ ನೂರಾರು ಮೊಳೆ ಬೇಕು. ಒಂದೊಂದನ್ನೇ ಹೆಕ್ಕಿ ಸಾಲು ಜೋಡಿಸಬೇಕು.

ನಮ್ಮ ಊರುಗಳ ಶಾಸನಗಳೂ ಹೀಗೇ ಪುಸ್ತಕ ಸೇರಿದವು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟವನ್ನು 1905ರಲ್ಲಿ ಹೊರತಂದರು. ಅದು ಬೆಂಗಳೂರು ಜಿಲ್ಲೆಯದು. ನಮ್ಮ ನಾಲ್ಕು ತಾಲ್ಲೂಕುಗಳೂ ಆಗ ಅದೇ ಜಿಲ್ಲೆಯಲ್ಲಿದ್ದವು. ನೆಲಮಂಗಲ ತಾಲ್ಲೂಕಿನ ಮಣ್ಣೆಯ ತಾಮ್ರಶಾಸನಗಳೂ ಅದರಲ್ಲಿವೆ. ಅಂದು ಅಚ್ಚಾದ ಶಾಸನದ ಕಲ್ಲು ಇಂದು ಕಾಣೆಯಾಗಿದ್ದರೂ, ಯಾರು ಯಾರಿಗೆ ಭೂಮಿ ಕೊಟ್ಟರು ಎಂದು ಓದಬಹುದು.

ಅಚ್ಚಾಗದ ಕಲ್ಲಿಗೆ ಆ ಆಸರೆಯಿಲ್ಲ. ಲೇಔಟ್ ಮಾಡುವ ಜೆಸಿಬಿಗೆ ಶಾಸನವೂ ಕಲ್ಲೇ, ಬಂಡೆಯೂ ಕಲ್ಲೇ. ಈಗ ಅಚ್ಚಿನ ಮನೆ ನಿಮ್ಮ ಕೈಯಲ್ಲೇ ಇದೆ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ. ಸುಣ್ಣ, ಬಣ್ಣ ಬಳಿಯದೆ ಫೋಟೊ ತೆಗೆಯಿರಿ, ಜಾಗ ಬರೆದಿಡಿ, ನಾಲ್ಕು ಜನರಿಗೆ ಕಳಿಸಿ.