ಬಂದೂಕು ಪರವಾನಗಿಯ ದತ್ತಾಂಶ ಮತ್ತು ಖಾಸಗಿತನ: ಗ್ರಾಮೀಣ ಧಾರವಾಡದ ನೆಲೆಯಿಂದ

ಕಲಘಟಗಿಯ ಕಾಡಂಚಿನಲ್ಲಿ ಗೋವಿನಜೋಳ ತೆನೆಗಟ್ಟಿತೆಂದರೆ ಕಾಡುಹಂದಿ ಹಾವಳಿ ಶುರುವಾಗುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ರಕ್ಷಣೆಗೆ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಅವಕಾಶ ಕೊಟ್ಟಿದೆ. ಕಲಘಟಗಿಯಿರಲಿ, ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಿರಲಿ, ಇಂಥ ಪರವಾನಗಿಯ ವಿವರ ಹಿಂದೆ ಜಿಲ್ಲಾಧಿಕಾರಿ ಕಚೇರಿಯ ಕಡತ, ಠಾಣೆಯ ವಹಿಗಳಲ್ಲೇ ಉಳಿಯುತ್ತಿತ್ತು. 2012ರ ನಿಯಮ ತಿದ್ದುಪಡಿಯ ತರುವಾಯ ಅದು ರಾಷ್ಟ್ರೀಯ ದತ್ತಾಂಶ ಕೋಶ ಸೇರಿತು. ಪ್ರತಿ ಪರವಾನಗಿದಾರನಿಗೂ ವಿಶಿಷ್ಟ ಗುರುತಿನ ಸಂಖ್ಯೆ ಬಂತು. 2016ರ ನಿಯಮಾವಳಿ ಈ ವ್ಯವಸ್ಥೆಯನ್ನೇ ಗಟ್ಟಿಗೊಳಿಸಿತು.

ಆಯುಧದ ಪಟ್ಟಿ ಎಂದರೆ ಈ ಸೀಮೆಗೆ ಹಳೆಯ ಅಳುಕು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆಗೆ ಮಣಿಯದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬಂಡೆದ್ದರು. ಆದರೆ ಇಂದಿನ ಪ್ರಶ್ನೆ ಪಟ್ಟಿ ಬೇಕೋ ಬೇಡವೋ ಎಂಬುದಲ್ಲ. ಪಟ್ಟಿಯ ಯಾವ ಭಾಗ ಯಾರ ಕೈಗೆ, ಯಾವ ಗಡಿಯಾಚೆಗೆ ಹೋಗಬಹುದು ಎಂಬುದು.

ಮಾಹಿತಿ ಹಂಚಿಕೆ ಅಗತ್ಯವೆಂಬುದಕ್ಕೆ ಧಾರವಾಡಕ್ಕಿಂತ ಬೇರೆ ಸಾಕ್ಷಿ ಬೇಡ. 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಇಲ್ಲಿನ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಗೂ ಇದಕ್ಕೂ ಇರುವ ನಂಟು ಹೊರಬಿದ್ದದ್ದು ಗುಂಡುಗಳ ವಿಧಿವಿಜ್ಞಾನ ತುಲನೆಯಿಂದ. ತನಿಖೆಯ ಎಳೆಗಳು ಮಹಾರಾಷ್ಟ್ರಕ್ಕೂ ಚಾಚಿದ್ದವು. ಅಲ್ಲಿ ಕೆಲಸಕ್ಕೆ ಬಂದದ್ದು ಆಯುಧದ ಗುರುತು. ಬಳಕೆಯಾದದ್ದು ನಾಡ ಪಿಸ್ತೂಲು. ಪರವಾನಗಿದಾರರ ಯಾವ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ. ಆಯುಧದ ಗುರುತಿಗೂ ಮಾಲೀಕನ ಗುರುತಿಗೂ ಇರುವ ಈ ವ್ಯತ್ಯಾಸವನ್ನು ನಾನು ನಿರ್ಣಾಯಕವೆಂದು ತಿಳಿಯುತ್ತೇನೆ. ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿದ ಆಯುಧಗಳ ಜಾಡು ಹಿಡಿಯುವ ಅಂತರರಾಷ್ಟ್ರೀಯ ದಸ್ತಾವೇಜೂ ಹೊರಡುವುದು ಬಂದೂಕಿನ ಮೇಲಿನ ಗುರುತು, ಮಾದರಿ, ಕ್ಯಾಲಿಬರ್‌ಗಳಿಂದ.

ಮಾಲೀಕನ ಹೆಸರು, ಮನೆ ವಿಳಾಸಗಳ ಮಾತು ಬೇರೆ. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆಯಿಂದಲೇ ಬಂದೂಕು ಪರವಾನಗಿಗೆ ಅರ್ಜಿ ಹಾಕಿದ್ದ ಸುಮಾರು 1,92,000 ಜನರ ವಿವರ ಸೋರಿತು. ಊರ ಹೊರಗಿನ ತೋಟದ ಮನೆಯವನ ವಿಳಾಸ ಹೀಗೆ ಬಯಲಾದರೆ ಬಂದೂಕು ಎಲ್ಲಿದೆಯೆಂದು ಕಳ್ಳನಿಗೆ ದಾರಿ ತೋರಿದಂತೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಅದನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಬೇಕು, ನ್ಯಾಯಸಮ್ಮತ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಅಳತೆಯೂ ಬೇಕು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ, ಕೇಂದ್ರ ಸರ್ಕಾರ ಅಧಿಸೂಚಿಸಿದ ಸಂಸ್ಥೆಗಳಿಗೆ ಇಡೀ ಕಾಯ್ದೆಯಿಂದಲೇ ವಿನಾಯಿತಿ ಕೊಡಬಲ್ಲದು. ಅದಕ್ಕಿರುವ ಕಾರಣಗಳಲ್ಲಿ ವಿದೇಶಗಳೊಂದಿಗಿನ ಸ್ನೇಹಸಂಬಂಧವೂ ಒಂದು. ಇಷ್ಟು ಅಗಲದ ಬಾಗಿಲು ಮೂರನೆಯ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ.

ಆದ್ದರಿಂದ ಗಡಿಯಾಚೆಗೆ ಮೊದಲು ಬಂದೂಕಿನ ವಿವರವಷ್ಟೇ ಹೋಗಲಿ. ನಿರ್ದಿಷ್ಟ ಪ್ರಕರಣವಿದ್ದು ಲಿಖಿತ ಕೋರಿಕೆ ಬಂದಾಗ ಮಾತ್ರ ಹೆಸರು ತೆರೆಯಲಿ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ ಐದು ವರ್ಷ. ನವೀಕರಣಕ್ಕೆ ಬಂದವನಿಗೆ, ಆ ಅವಧಿಯಲ್ಲಿ ತನ್ನ ವಿವರವನ್ನು ಯಾವ ಯಾವ ಇಲಾಖೆ, ಯಾವ ದೇಶ ಪಡೆಯಿತೆಂಬ ಪಟ್ಟಿಯನ್ನು ತನಿಖೆ ಮುಗಿದ ಪ್ರಕರಣಗಳ ಮಟ್ಟಿಗಾದರೂ ಕೊಡುವ ನಿಯಮ 2016ರ ನಿಯಮಾವಳಿಗೆ ಸೇರಬೇಕು.