ದುಡಿಯುವ ಆಸ್ಪತ್ರೆ, ಮಲಗುವ ಆಸ್ಪತ್ರೆ

ಅತ್ತಿಬೆಲೆಯಿಂದ ಬೆಂಗಳೂರಿನತ್ತ ಹೊರಟರೆ ಹೊಸೂರು ರಸ್ತೆಯುದ್ದಕ್ಕೂ ಆಸ್ಪತ್ರೆಗಳು. ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿ ಕಟ್ಟಿದ ನಾರಾಯಣ ಹೃದಯಾಲಯ, ಕೋರಮಂಗಲದಲ್ಲಿ ಸೇಂಟ್ ಜಾನ್ಸ್, ಅದನ್ನು ದಾಟಿದರೆ 1973ರ ಕಿದ್ವಾಯಿ, 1974ರ ನಿಮ್ಹಾನ್ಸ್. ಇಂಥ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಸಿಸ್ಟರ್, ಆಯಾ, ವಾರ್ಡ್ ಬಾಯ್‌ಗಳಿಗೇ ಕಾಯಿಲೆಯಾದರೆ? ತಾವು ದುಡಿಯುವಲ್ಲೇ ಅವರು ದಾಖಲಾಗುತ್ತಾರೆಯೇ?

ಬಹುಪಾಲು ಸಿಬ್ಬಂದಿಯ ಮಟ್ಟಿಗೆ ಇದು ಇಷ್ಟಾನಿಷ್ಟದ ಪ್ರಶ್ನೆಯೇ ಅಲ್ಲ. ಉತ್ತರವನ್ನು 1948ರಲ್ಲಿ ಕಾಯ್ದೆಯಾಗಿ ಬಂದ ವಿಮಾ ಯೋಜನೆಯೊಂದು ಬರೆದಿಟ್ಟಿದೆ.

ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಹುಟ್ಟಿದ್ದು ಕಾರ್ಖಾನೆ ಕಾರ್ಮಿಕರಿಗಾಗಿ. 1952ರ ಫೆಬ್ರವರಿ 24ರಂದು ನೆಹರೂ ಕಾನ್ಪುರದಲ್ಲಿ ಅದಕ್ಕೆ ಚಾಲನೆ ಕೊಟ್ಟರು. 1958ರಲ್ಲಿ ಬೆಂಗಳೂರಿಗೂ ಬಂತು. ಆಗ ಅತ್ತಿಬೆಲೆಯ ಸುತ್ತ ಇದ್ದದ್ದು ರಾಗಿ ಹೊಲ. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟತೊಡಗಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯಲ್ಲಿ ಶೆಡ್ಡುಗಳು ಎದ್ದವು, ಆನೇಕಲ್ ತಾಲ್ಲೂಕಿನ ರೈತರ ಮಕ್ಕಳ ಕೈಗೆ ಇಎಸ್‌ಐ ಕಾರ್ಡು ಬಂತು. ಮುಂದೆ ಯೋಜನೆ ಅಂಗಡಿ, ಹೋಟೆಲುಗಳಿಗೆ ಹಬ್ಬಿ, ಕೊನೆಗೆ ಖಾಸಗಿ ಆಸ್ಪತ್ರೆಗಳನ್ನೂ ಒಳಗೊಂಡಿತು.

ಗಂಟು ಬಿದ್ದದ್ದು ಅಲ್ಲಿ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರೆಲ್ಲ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 18,000 ರೂಪಾಯಿ ಪಡೆಯುವ ನರ್ಸೊಬ್ಬರ ಸಂಬಳದ ಚೀಟಿ ನೋಡಿ: ಅವರಿಂದ ಶೇ 0.75, ಅಂದರೆ 135 ರೂಪಾಯಿ ಕಡಿತ. ಆಸ್ಪತ್ರೆಯವರ ಪಾಲು ಶೇ 3.25, ಅಂದರೆ 585. ಹೀಗೆ ತಿಂಗಳಿಗೆ 720 ರೂಪಾಯಿ ಕಟ್ಟಿಸಿಕೊಂಡ ವಿಮೆ ಅವರನ್ನು ಮೊದಲು ಕಳಿಸುವುದು ಇಎಸ್‌ಐ ಡಿಸ್ಪೆನ್ಸರಿಗೆ. ದೊಡ್ಡ ಕಾಯಿಲೆಯಾದರೆ ಇಡೀ ಊರು ದಾಟಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ. ಅಲ್ಲಿಂದ ರೆಫರಲ್ ಪತ್ರ ಸಿಕ್ಕಿ, ಅವರ ಆಸ್ಪತ್ರೆಗೂ ಇಎಸ್‌ಐಗೂ ಒಪ್ಪಂದವಿದ್ದರೆ, ತಾವೇ ಹಾಸಿಗೆ ಹಾಸುತ್ತಿದ್ದ ವಾರ್ಡಿಗೆ ರೋಗಿಯಾಗಿ ಬರಬಹುದು. ಮಾಲೀಕರು ಮನಸ್ಸು ಮಾಡಿ ರಿಯಾಯಿತಿ ಕೊಟ್ಟರೆ ಅದು ಅವರ ದೊಡ್ಡತನ, ನರ್ಸಿನ ಹಕ್ಕಲ್ಲ.

ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರರ ದಾರಿ ಬೇರೆ. ರಾಜ್ಯ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಹೃದಯ, ಕ್ಯಾನ್ಸರ್‌ನಂಥ ಕಾಯಿಲೆಗೆ ಅವರು ಖಾಸಗಿ ಆಸ್ಪತ್ರೆಗಳಲ್ಲೂ ನಗದು ಕೊಡದೆ ಚಿಕಿತ್ಸೆ ಪಡೆಯಬಹುದು. ಅದೇ ವಾರ್ಡು ಗುಡಿಸುವ ಹೊರಗುತ್ತಿಗೆಯವರಿಗೆ ಮತ್ತೆ ಇಎಸ್‌ಐಯೇ ಗತಿ. ಒಂದೇ ಸೂರಿನಡಿ ದುಡಿದರೂ ಕಾಯಿಲೆ ಬಂದಾಗ ದಾರಿ ಕವಲೊಡೆಯುತ್ತದೆ.

ಚಿಕಿತ್ಸೆ ಕೊಡುವವರೇ ಅದರ ಮೇಲೆ ಇಡುವ ನಂಬಿಕೆಗೆ ಬೆಲೆಯಿದೆ ಎಂಬುದನ್ನು ಈ ನಾಡು ಕಂಡಿದೆ. ಪ್ಲೇಗ್ ಕಾಲದಲ್ಲಿ, 1897ರ ಜನವರಿಯಲ್ಲಿ, ವಿಜ್ಞಾನಿ ಹಾಫ್‌ಕಿನ್ ಬೊಂಬಾಯಿಯಲ್ಲಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. 2021ರ ಜನವರಿ 16ರಂದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಕೋವಿಡ್ ಲಸಿಕೆಗೆ ಮೊದಲು ತೋಳೊಡ್ಡಿದ್ದು ಅಲ್ಲಿಯದೇ ಗ್ರೂಪ್ ಡಿ ನೌಕರೆ. ಆದರೆ ಲಸಿಕೆಗೆ ಮೊದಲ ಸಾಲು, ಚಿಕಿತ್ಸೆಗೆ ಕೊನೆಯ ಸಾಲು ಎಂದಾದರೆ ಅದು ಅನ್ಯಾಯ.

ಇಂಗ್ಲೆಂಡಿನ ಎನ್‌ಎಚ್‌ಎಸ್ ತನ್ನ ಸಿಬ್ಬಂದಿಯನ್ನು ವರ್ಷವರ್ಷವೂ ಕೇಳುತ್ತದೆ: ನಿಮ್ಮ ಗೆಳೆಯರಿಗೋ ಬಂಧುಗಳಿಗೋ ಚಿಕಿತ್ಸೆ ಬೇಕಾದರೆ ಇಲ್ಲಿನ ಆರೈಕೆಯ ಗುಣಮಟ್ಟ ನಿಮಗೆ ಒಪ್ಪಿಗೆಯೇ? ಆಸ್ಪತ್ರೆವಾರು ಉತ್ತರವನ್ನು ಪ್ರಕಟಿಸುತ್ತದೆ. ಹೊಸೂರು ರಸ್ತೆಯ ಆಸ್ಪತ್ರೆಗಳೂ ಈ ಪ್ರಶ್ನೆ ಕೇಳಲಿ, ಉತ್ತರವನ್ನು ಹೊರರೋಗಿ ವಿಭಾಗದ ಗೋಡೆಗೆ ಹಚ್ಚಲಿ. ಅದಕ್ಕೂ ಮೊದಲು, ಅಲ್ಲಿ ದುಡಿಯುವ ನರ್ಸು, ಆಯಾಗಳಿಗೆ ಅಲ್ಲೇ ಚಿಕಿತ್ಸೆ ಪಡೆಯುವ ಹಕ್ಕನ್ನು ನೇಮಕಾತಿ ಪತ್ರದಲ್ಲೇ ಬರೆದುಕೊಡಲಿ.