ಊರಿನ ಮಗ ಊರು ಬಿಟ್ಟಾಗ

ನಿವೃತ್ತಿಯ ನಂತರ ಮಕ್ಕಳ ಮನೆಗೆಂದು ಅಮೆರಿಕೆಗೆ ಹೋಗಿಬರುವ ತಂದೆ-ತಾಯಿಯರ ಸಾಲಿಗೆ ನಾನೂ ಸೇರಿದವನು. 2024ರ ನವೆಂಬರಿನಿಂದ ಐದು ತಿಂಗಳ ಕಾಲ ನಾನು ಮತ್ತು ನನ್ನ ಮನೆಯವರು ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಗನ್‌ಟೌನ್ ಎಂಬ ಊರಿನಲ್ಲಿದ್ದೆವು. ಮಗಳಿಗೆ ಅಲ್ಲಿ ಉದ್ಯೋಗ. ಗುಡ್ಡಗಳ ನಡುವೆ ನದಿಯ ದಂಡೆಯಲ್ಲಿರುವ ಊರು. ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಅಲ್ಲಿಯೇ ಇದೆ. ಡಿಸೆಂಬರ್ 12ರ ಸಂಜೆ ಮಗಳು ಕೆಲಸದಿಂದ ಬಂದವಳೇ, "ಅಪ್ಪ, ಇವತ್ತು ಊರಿಗೆಲ್ಲ ಒಂದೇ ಸುದ್ದಿ. ಹದಿನೇಳು ವರ್ಷದ ಹಿಂದೆ ಬಿಟ್ಟುಹೋದ ಕೋಚ್ ವಾಪಸ್ಸು ಬರ್ತಿದ್ದಾರಂತೆ" ಎಂದಳು.

ಪಕ್ಕದ ಮನೆಯಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಾತುಗಾರರು. ಮರುದಿನ ಬೆಳಿಗ್ಗೆ ಅವರನ್ನು ಕಂಡಾಗ, "ನಿಮಗೆ ಸಂತೋಷವಾಗಿರಬೇಕಲ್ಲ?" ಎಂದು ಕೇಳಿದೆ. ಅವರು ತಲೆ ಎತ್ತದೆ, "ನೋಡೋಣ" ಎಂದಷ್ಟೇ ಹೇಳಿ ಮನೆಯೊಳಗೆ ನಡೆದರು. ಅಷ್ಟು ಮಾತುಗಾರರು ಒಂದೇ ಪದದಲ್ಲಿ ನಿಲ್ಲಿಸಿದ್ದು ನನ್ನ ಕುತೂಹಲವನ್ನು ಕೆರಳಿಸಿತು. ಇತಿಹಾಸ ಪಾಠ ಹೇಳಿದ ಮೇಷ್ಟರಿಗೆ ಇಂತಹ ಎಳೆಯೊಂದು ಸಿಕ್ಕರೆ ಸಾಕಲ್ಲವೇ? ಆ ಚಳಿಗಾಲವಿಡೀ ಅದರ ಬೆನ್ನು ಹತ್ತಿದೆ. ಅಂದು ತಿಳಿದುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು, ಎಸೆದು, ಓಡಿ ಎದುರಾಳಿಯ ಗಡಿ ದಾಟಿಸುವ, ಪಕ್ಷಕ್ಕೆ ಹನ್ನೊಂದು ಜನರ ಆಟ. ಇದರ ವೃತ್ತಿಪರ ತಂಡಗಳು ಮಹಾನಗರಗಳಲ್ಲಿವೆ. ಅಂತಹ ನಗರವಿಲ್ಲದ ರಾಜ್ಯಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೇ ಇಡೀ ರಾಜ್ಯದ ತಂಡ. ವೆಸ್ಟ್ ವರ್ಜೀನಿಯಾ ಅಂಥದೊಂದು ರಾಜ್ಯ. ಶನಿವಾರದ ಪಂದ್ಯಕ್ಕೆ ಸುಮಾರು 60,000 ಜನ ಸೇರುತ್ತಾರೆ. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಗಣಿ ಕಾರ್ಮಿಕನೂ ಅದನ್ನು "ನಮ್ಮ ತಂಡ" ಎನ್ನುತ್ತಾನೆ. ಆಟಗಾರರು ನಾಲ್ಕೈದು ವರ್ಷಗಳಲ್ಲಿ ಓದು ಮುಗಿಸಿ ಹೋಗಿಬಿಡುತ್ತಾರೆ. ಆದ್ದರಿಂದ ತಂಡದ ಸ್ಥಿರವಾದ ಮುಖ ಎಂದರೆ ಕೋಚ್, ಅಂದರೆ ತರಬೇತುದಾರ. ನಮ್ಮ ಹಳ್ಳಿಗಳಲ್ಲಿ ಹಿಂದೆ ಮುಖ್ಯೋಪಾಧ್ಯಾಯರಿಗಿದ್ದ ಸ್ಥಾನವನ್ನು ನೆನಪಿಸಿಕೊಂಡರೆ ಸ್ವಲ್ಪ ಅಂದಾಜಾದೀತು.

ಈ ಕಥೆಯ ನಾಯಕ ರಿಚ್ ರಾಡ್ರಿಗಸ್. ಮಾರ್ಗನ್‌ಟೌನಿಗೆ ಸಮೀಪದ ಗ್ರಾಂಟ್ ಟೌನ್ ಎಂಬ ಕಲ್ಲಿದ್ದಲಿನ ಪುಟ್ಟ ಊರಿನಲ್ಲಿ ಬೆಳೆದವರು. 1980ರ ದಶಕದ ಆರಂಭದಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಆಹ್ವಾನವಿಲ್ಲದೆ, ತಾವಾಗಿಯೇ ಹೋಗಿ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಗಿಟ್ಟಿಸಿಕೊಂಡ ಹುಡುಗ. ಮುಂದೆ ಅದೇ ರಾಜ್ಯದ ಗ್ಲೆನ್‌ವಿಲ್ ಎಂಬ ಸಣ್ಣ ಕಾಲೇಜಿನಲ್ಲಿ ತರಬೇತುದಾರರಾಗಿ, ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ವೇಗವಾಗಿ ಆಡಿಸುವ ಪದ್ಧತಿಯನ್ನು ರೂಪಿಸಿ ಹೆಸರಾದರು. 1980ರಿಂದ ತಂಡವನ್ನು ನಡೆಸುತ್ತಿದ್ದ ಡಾನ್ ನೆಹ್ಲೆನ್ 2000ದಲ್ಲಿ ನಿವೃತ್ತರಾದಾಗ, ಅವರ ಶಿಷ್ಯನೇ ಆದ ರಾಡ್ರಿಗಸ್ ಗುರುವಿನ ಜಾಗಕ್ಕೆ ಬಂದರು. ಮೊದಲ ವರ್ಷ ಮೂರು ಗೆಲುವು, ಎಂಟು ಸೋಲು. ಜನ ಕಾದರು. 2005ರ ಋತುವಿನಲ್ಲಿ ಹನ್ನೊಂದು ಗೆಲುವು, ಒಂದೇ ಸೋಲು. 2006ರ ಡಿಸೆಂಬರಿನಲ್ಲಿ ಪ್ರತಿಷ್ಠಿತ ಅಲಬಾಮಾ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅವರು ಒಲ್ಲೆನೆಂದು ಊರಿನಲ್ಲೇ ಉಳಿದರು. ಜನ ಹಿಗ್ಗಿದರು, ನಮ್ಮ ಹುಡುಗ ನಮ್ಮನ್ನು ಬಿಡಲಾರ ಎಂದು ನಂಬಿದರು.

ಆಮೇಲೆ 2007ರ ಡಿಸೆಂಬರ್ 1. ಎದುರಾಳಿ ನೆರೆಯ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, ಹಳೆಯ ಜಿದ್ದಿನ ತಂಡ. ಇವರಿಬ್ಬರ ನಡುವಿನ ನೂರನೆಯ ಪಂದ್ಯ. ಅದೂ ಮಾರ್ಗನ್‌ಟೌನಿನ ಸ್ವಂತ ಮೈದಾನದಲ್ಲಿ. ಆ ವರ್ಷ ಅಲ್ಲಿಯವರೆಗೆ ಪಿಟ್ಸ್‌ಬರ್ಗ್ ಗೆದ್ದದ್ದು ನಾಲ್ಕು, ಸೋತದ್ದು ಏಳು. ವೆಸ್ಟ್ ವರ್ಜೀನಿಯಾ ಅಂದು ಗೆದ್ದಿದ್ದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯಕ್ಕೆ ಹೋಗುತ್ತಿತ್ತು. ಸೋತದ್ದು 13-9ರಿಂದ. ಮುಖ್ಯ ಆಟಗಾರ ಪ್ಯಾಟ್ ವೈಟ್ ಕೈಬೆರಳಿಗೆ ಪೆಟ್ಟು ತಿಂದು ಬಹಳ ಹೊತ್ತು ಹೊರಗೆ ಕುಳಿತರು. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ, ಡಿಸೆಂಬರ್ 16ರಂದು, ರಾಡ್ರಿಗಸ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗುವುದಾಗಿ ಆಟಗಾರರಿಗೆ ತಿಳಿಸಿದರು.

ಊರು ಕುದಿಯಿತು. ದ್ರೋಹಿ ಎಂದರು. ಅವರು ಆ ವರ್ಷದ ಆಗಸ್ಟಿನಲ್ಲಷ್ಟೇ ಹೊಸ ಕರಾರಿಗೆ ಸಹಿ ಹಾಕಿದ್ದರು. ಅವಧಿಗೆ ಮುನ್ನ ಬಿಟ್ಟರೆ 40 ಲಕ್ಷ ಡಾಲರ್ ತೆರಬೇಕೆಂಬ ಷರತ್ತು ಅದರಲ್ಲಿತ್ತು. ವಿಶ್ವವಿದ್ಯಾಲಯ ನ್ಯಾಯಾಲಯದ ಮೆಟ್ಟಿಲೇರಿತು. 2008ರ ಜುಲೈನಲ್ಲಿ ರಾಜಿಯಾಗಿ, 25 ಲಕ್ಷವನ್ನು ಮಿಷಿಗನ್, 15 ಲಕ್ಷವನ್ನು ರಾಡ್ರಿಗಸ್ ಕೊಡುವುದೆಂದು ತೀರ್ಮಾನವಾಯಿತು. ಈ ನಡುವೆ, 2008ರ ಜನವರಿ 2ರಂದು, ಅನಾಥವಾದ ತಂಡ ಸಹಾಯಕ ತರಬೇತುದಾರ ಬಿಲ್ ಸ್ಟೀವರ್ಟ್ ಅವರ ಕೈಕೆಳಗೆ ಬಲಿಷ್ಠ ಓಕ್ಲಹೋಮಾವನ್ನು 48-28ರಿಂದ ಮಣಿಸಿತು. ಆ ಗೆಲುವೇ ಸ್ಟೀವರ್ಟ್ ಅವರಿಗೆ ಮುಖ್ಯ ತರಬೇತುದಾರರ ಹುದ್ದೆಯನ್ನು ತಂದಿತು.

ಹೋದವರಿಗಾದರೂ ಸುಖ ಸಿಕ್ಕಿತೇ ಎಂದರೆ ಅದೂ ಇಲ್ಲ. ಮಿಷಿಗನ್ನಿನಲ್ಲಿ ಮೂರು ವರ್ಷ; ಗೆದ್ದದ್ದು 15, ಸೋತದ್ದು 22. 2011ರ ಜನವರಿಯಲ್ಲಿ ಅವರನ್ನು ತೆಗೆದುಹಾಕಿದರು. ಹೀಗೆ ಬಿಟ್ಟವರೂ ಕಳೆದುಕೊಂಡರು, ಬಿಡಿಸಿಕೊಂಡವರೂ ಕಳೆದುಕೊಂಡರು.

ತರಬೇತುದಾರರು ಕಾಲೇಜು ಬದಲಿಸುವುದು ಅಮೆರಿಕದಲ್ಲಿ ಹೊಸದೇನಲ್ಲ. ಇದೇ ವೆಸ್ಟ್ ವರ್ಜೀನಿಯಾದಲ್ಲಿ 1970ರಿಂದ 1975ರವರೆಗೆ ಇದ್ದ ಬಾಬಿ ಬೌಡನ್ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಜಗತ್ಪ್ರಸಿದ್ಧರಾದರು. ಪಿಟ್ಸ್‌ಬರ್ಗಿನ ಜಾನಿ ಮೇಜರ್ಸ್ 1976ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರಪ್ರಶಸ್ತಿ ಗೆದ್ದ ಬೆನ್ನಿಗೇ, ತಾವು ಓದಿದ ಟೆನೆಸಿಗೆ ಹೊರಟರು. ಅಲ್ಲಿಂದ 1992ರಲ್ಲಿ ಹೊರಬಿದ್ದು ಮತ್ತೆ ಪಿಟ್ಸ್‌ಬರ್ಗಿಗೇ ಬಂದರು. ಲೇನ್ ಕಿಫಿನ್ ಎಂಬುವರು ಒಂದೇ ಋತು ಟೆನೆಸಿಯಲ್ಲಿದ್ದು 2010ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ವಿದ್ಯಾರ್ಥಿಗಳು ರಾತ್ರೋರಾತ್ರಿ ಬೀದಿಗಿಳಿದರು. ಅದೇ ಕಿಫಿನ್ 2025ರ ನವೆಂಬರಿನ ಕೊನೆಯಲ್ಲಿ, ಹನ್ನೊಂದು ಪಂದ್ಯ ಗೆದ್ದಿದ್ದ ಮಿಸಿಸಿಪಿ ತಂಡವನ್ನು ಬಿಟ್ಟು ಲೂಸಿಯಾನಾಕ್ಕೆ ನಡೆದರು. ಅಭಿಮಾನಿಗಳ ಸಿಟ್ಟಿಗೆ ಇನ್ನೊಂದು ನ್ಯಾಯವಾದ ಕಾರಣವೂ ಇತ್ತು. ತರಬೇತುದಾರ ಇಂದು ಇಲ್ಲಿ, ನಾಳೆ ಅಲ್ಲಿ ಕೆಲಸ ಆರಂಭಿಸಬಹುದಿತ್ತು. ಆತನನ್ನೇ ನಂಬಿ ಸೇರಿದ ಹುಡುಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ನಿಯಮ ಸಡಿಲಾದದ್ದು 2021ರಲ್ಲಿ.

ಆದರೆ ಮಾರ್ಗನ್‌ಟೌನಿನ ನೋವು ಇವೆಲ್ಲಕ್ಕಿಂತ ಬೇರೆ ಎಂದು ನನಗೆ ತೋರಿತು. ಬೌಡನ್ ಅಲಬಾಮಾದವರು; ದಕ್ಷಿಣದಿಂದ ಬಂದು ದಕ್ಷಿಣಕ್ಕೆ ಹೋದರು. ರಾಡ್ರಿಗಸ್ ಊರಿನ ಮಗ. ವೆಸ್ಟ್ ವರ್ಜೀನಿಯಾ ಎಂದರೆ ಜನ ಬಿಟ್ಟುಹೋಗುವ ನಾಡು. 1950ರ ಜನಗಣತಿಯಲ್ಲಿ 20 ಲಕ್ಷವಿದ್ದ ಜನಸಂಖ್ಯೆ 2020ರಲ್ಲಿ 18 ಲಕ್ಷಕ್ಕೂ ತುಸು ಕಡಿಮೆ. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆ ಎರಡು ಪಟ್ಟಿಗೂ ಮಿಗಿಲಾಯಿತು. ಗಣಿಗಳಿಗೆ ಯಂತ್ರ ಬಂದವು, ಕೆಲಸ ಹೋಯಿತು, ಮಕ್ಕಳು ಹೊರಗೆ ನಡೆದರು. ತಂಡ ಗೆದ್ದಾಗಲೆಲ್ಲ ಕ್ರೀಡಾಂಗಣದಲ್ಲಿ ಜನ ಒಟ್ಟಾಗಿ ಹಾಡುವುದು ಊರಿಗೆ ಮರಳುವ ಹಂಬಲದ ಹಾಡನ್ನು. ಅಂತಹ ನಾಡಿಗೆ ಹೋದವನೊಬ್ಬ ಮರಳಿ ಬಂದು, ದೊಡ್ಡವರ ಕರೆಯನ್ನೂ ನಿರಾಕರಿಸಿದ್ದ. ಇಲ್ಲಿಯೇ ಇದ್ದು ದೊಡ್ಡವನಾಗಬಹುದು ಎಂಬುದಕ್ಕೆ ಆತ ಸಾಕ್ಷಿಯಾಗಿದ್ದ. ಮರುವರ್ಷವೇ ಆ ಸಾಕ್ಷಿ ಎದ್ದು ನಡೆದಾಗ ಜನ ಕಳೆದುಕೊಂಡದ್ದು ತರಬೇತುದಾರನೊಬ್ಬನನ್ನು ಮಾತ್ರವಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಹಿರಿಯರು ತಾವಾಗಿಯೇ ಈ ಮಾತು ತೆಗೆದರು. "ನನ್ನ ಇಬ್ಬರು ಗಂಡುಮಕ್ಕಳೂ ಈ ರಾಜ್ಯ ಬಿಟ್ಟು ಹೋದರು. ಹೋಗಿ ಎಂದು ನಾನೇ ಕಾರಿಗೆ ಸಾಮಾನು ತುಂಬಿದೆ. ಆದರೆ ಅವನ ಮೇಲೆ ಮಾತ್ರ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡೆ. ಬಹುಶಃ ಮಕ್ಕಳ ಮೇಲೆ ಬರಬೇಕಾದದ್ದೂ ಅವನ ಮೇಲೆಯೇ ಬಂದಿರಬೇಕು" ಎಂದರು. ನಾನು ಮೌನವಾಗಿ ಕೇಳಿದೆ. ಅವರಿಗೆ ಹೇಳದೆ ಉಳಿದ ಒಂದು ಸಂಗತಿ ನನ್ನಲ್ಲಿತ್ತು.

ನಾನೂ ಹಾಗೆ ಬಿಟ್ಟು ಬಂದವನೇ. 1996ರಲ್ಲಿ ನಮ್ಮೂರಿಗೆ ಹೊಂದಿಕೊಂಡ ಹಳ್ಳಿಯ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೆ. ನಾನು ಅದೇ ಸೀಮೆಯ ಹುಡುಗನೆಂದು ಜನಕ್ಕೆ ಅಭಿಮಾನ. "ನಮ್ಮ ಮೇಷ್ಟ್ರು ಎಲ್ಲಿಗೂ ಹೋಗಲ್ಲ" ಎಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿ ನಾನೂ ತಲೆಯಾಡಿಸಿದ್ದುಂಟು. ಮಗಳನ್ನು ಒಳ್ಳೆಯ ಶಾಲೆಗೆ ಸೇರಿಸಬೇಕೆಂದು ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದೆ, ಯಾರಿಗೂ ತಿಳಿಸಲಿಲ್ಲ. ಆಗಸ್ಟಿನಲ್ಲಿ ಆದೇಶ ಬಂತು. ಹತ್ತನೆಯ ತರಗತಿಗೆ ಪಾಠ ಆರಂಭಿಸಿ ಎರಡು ತಿಂಗಳಾಗಿತ್ತಷ್ಟೆ. ಶನಿವಾರ ಬಿಡುಗಡೆ ಪಡೆದು, ಮಕ್ಕಳ ಮುಖ ನೋಡಲಾರದೆ ಭಾನುವಾರದ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ಆ ವರ್ಷವಿಡೀ ನನ್ನ ಜಾಗಕ್ಕೆ ಯಾರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು.

ಅನೇಕ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಆ ತರಗತಿಯ ಹುಡುಗನೊಬ್ಬ ಸಿಕ್ಕಿದ. ಕಾಲಿಗೆ ನಮಸ್ಕರಿಸಿ, ಊಟಕ್ಕೆ ಪಕ್ಕದಲ್ಲೇ ಕುಳಿತ. ಎದ್ದು ಹೋಗುವ ಮುನ್ನ, "ಸಾರ್, ನೀವು ಹೋಗಿದ್ದಕ್ಕೆ ನಮಗೆ ಬೇಜಾರಿಲ್ಲ. ಸೋಮವಾರ ಹೋಮ್‌ವರ್ಕ್ ಮಾಡ್ಕೊಂಡು ಬಂದು ಕೂತಿದ್ವಿ" ಎಂದ. ಇಪ್ಪತ್ತೊಂಬತ್ತು ವರ್ಷ ಕಳೆದರೂ ಆ ಸೋಮವಾರ ನನ್ನನ್ನು ಬಿಟ್ಟಿಲ್ಲ. ಯಾವ ಮಗಳ ಓದಿಗಾಗಿ ಅಂದು ಊರು ಬಿಟ್ಟೆನೋ, ಅವಳ ಮನೆಯಲ್ಲಿ ಕುಳಿತೇ ನಾನು ರಾಡ್ರಿಗಸ್ ಕಥೆಯನ್ನು ಓದಿದ್ದು. ಹೋದದ್ದು ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅವರು ಹೋದದ್ದೂ ತಪ್ಪೆಂದು ನಾನು ಹೇಳಲಾರೆ. ಆದರೆ ನಂಬಿ ಕುಳಿತವರಿಗೂ ಒಂದು ಲೆಕ್ಕವಿರುತ್ತದೆ. ಅದು ಯಾವ ಕರಾರಿನಲ್ಲೂ ನಮೂದಾಗುವುದಿಲ್ಲ, 40 ಲಕ್ಷ ಡಾಲರಿನಲ್ಲೂ ತೀರುವುದಿಲ್ಲ.

2025ರ ಸೆಪ್ಟೆಂಬರ್ 13ರಂದು, ನಾವು ಊರಿಗೆ ಮರಳಿದ ಮೇಲೆ, ರಾಡ್ರಿಗಸ್ ಅವರ ತಂಡ ಅದೇ ಮಾರ್ಗನ್‌ಟೌನಿನಲ್ಲಿ ಅದೇ ಪಿಟ್ಸ್‌ಬರ್ಗನ್ನು ಹೆಚ್ಚುವರಿ ಅವಧಿಯಲ್ಲಿ 31-24ರಿಂದ ಸೋಲಿಸಿತು. ಮಗಳು ದೂರವಾಣಿಯಲ್ಲಿ ಹೇಳಿದಳು: ಪಕ್ಕದ ಮನೆಯ ಹಿರಿಯರು ವರಾಂಡದಲ್ಲಿ ನಿಂತು ಆ ಹಾಡನ್ನು ಗಟ್ಟಿಯಾಗಿ ಹಾಡಿದರಂತೆ. ಆ ಋತು ಮುಗಿದಾಗ ಲೆಕ್ಕ ನಾಲ್ಕು ಗೆಲುವು, ಎಂಟು ಸೋಲು. "ಈಗೇನಂತಾರೆ ಅವರು?" ಎಂದು ಕೇಳಿದೆ.

"ನೋಡೋಣ ಅಂತಾರೆ ಅಪ್ಪ. ಆದ್ರೆ ಈ ಸಲ ನಗ್ತಾ ಅಂದ್ರು" ಎಂದಳು.